ಅಮ್ಮನಿಗೆ ಮೂರು ತಿಂಗಳು, ನನಗೆ ಒಂದು ವರ್ಷ

ಅಮ್ಮನ ದವಡೆ ಹಲ್ಲೊಂದು ಅಲ್ಲಾಡುತ್ತಿತ್ತು. ಒಂದು ಶನಿವಾರ ಸಂಜೆ ಬೆಂಗಳೂರಿನ ಶ್ರೀನಗರದಲ್ಲಿ ನಮ್ಮ ಮನೆ ಹತ್ತಿರದ ಹಲ್ಲಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೇಗೂ ಬಂದಿದ್ದೇನಲ್ಲ ಅಂತ ನಾನೂ ಕುರ್ಚಿಗೆ ಒರಗಿ ಬಾಯಿ ತೆರೆದೆ. ಹೊರಡುವಾಗ ಇಬ್ಬರಿಗೂ ಒಂದೊಂದು ಚೀಟಿ ಸಿಕ್ಕಿತು. ಅಮ್ಮ ಮುಂದಿನ ವಾರ ಇನ್ನರ್ಧ ಬಾಯಿಯ ಕ್ಲೀನಿಂಗಿಗೆ ಬರಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ. ನಾನು ಒಂದು ವರ್ಷ ಬಿಟ್ಟು ಬಂದರೆ ಸಾಕು.

ಆಟೋದಲ್ಲಿ ಅಮ್ಮನ ಗೊಣಗಾಟ ಶುರುವಾಯಿತು. "ಎಲ್ಲರೂ ಆರು ತಿಂಗಳು ಅಂತಾರೆ. ನಿನಗೆ ಹನ್ನೆರಡು, ನನಗೆ ಮೂರಾ? ವಯಸ್ಸಾದವರ ಹತ್ರ ದುಡ್ಡು ಕೀಳೋಕೆ ಇದೊಂದು ದಾರಿ." ನನಗೂ ಒಳಗೊಳಗೇ ಹಾಗೇ ಅನಿಸಿತ್ತು. ಚೀಟಿಯಲ್ಲಿ ದಿನಾಂಕ ಇತ್ತು, ಕಾರಣ ಇರಲಿಲ್ಲ.

ಆ ರಾತ್ರಿ ನಾನು ಹುಡುಕಿದ ಮೊದಲ ವಿಷಯ, ಈ ಆರು ತಿಂಗಳು ಎಲ್ಲಿಂದ ಬಂತು ಅನ್ನುವುದು. ದೊಡ್ಡ ಪ್ರಯೋಗ ಮಾಡಿ ಕಂಡುಕೊಂಡ ಲೆಕ್ಕ ಇರಬೇಕು ಅಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಅಮೆರಿಕದಲ್ಲಿ 1930ರ ದಶಕದ ರೇಡಿಯೋ ಕಾರ್ಯಕ್ರಮಗಳ ನಡುವೆ ಪೆಪ್ಸೊಡೆಂಟ್ ಪೇಸ್ಟಿನ ಜಾಹೀರಾತು ಬರುತ್ತಿತ್ತು: ದಿನಕ್ಕೆ ಎರಡು ಸಲ ಹಲ್ಲುಜ್ಜಿ, ವರ್ಷಕ್ಕೆ ಎರಡು ಸಲ ಹಲ್ಲಿನ ಡಾಕ್ಟರನ್ನು ನೋಡಿ. ಈ ಮಾತು ಹುಟ್ಟಿದ್ದು ಜಾಹೀರಾತಿನಿಂದಲೇ ಅಂತ ಹೇಳಲಾಗದು. ಆದರೆ ಮನೆಮನೆಗೂ ಮುಟ್ಟಿಸಿದ್ದರಲ್ಲಿ ಅದರ ಪಾಲು ದೊಡ್ಡದು. 1977ರಲ್ಲಿ ಆಬ್ರಿ ಶೈಹ್ಯಾಮ್ ಎಂಬ ದಂತ ವಿಜ್ಞಾನಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ನೇರವಾಗಿ ಕೇಳಿದರು: ಆರು ತಿಂಗಳಿಗೊಮ್ಮೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಏನಿದೆ? ಅಂದಿನಿಂದ ಈ ಚರ್ಚೆ ನಿಂತಿಲ್ಲ.

ಹಾಗಾದರೆ ಬಾಯಿಯೊಳಗೆ ಗಡಿಯಾರವೇ ಇಲ್ಲವಾ? ಇದೆ. ಒಂದಲ್ಲ, ಹಲವು.

ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ತೆಳುವಾದ ಪೊರೆ ಕಟ್ಟುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ನಾಲಿಗೆಗೆ ಜಿಡ್ಡುಜಿಡ್ಡಾಗಿ ತಾಗುವುದು ಇದೇ, ಪ್ಲೇಕ್. ಬ್ರಶ್ಶಿಗೆ ಅದು ಸುಲಭವಾಗಿ ಬರುತ್ತದೆ. ಬಿಟ್ಟರೆ ಒಂದೆರಡು ದಿನದಲ್ಲೇ ಜೊಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರೊಳಗೆ ಇಳಿಯತೊಡಗುತ್ತವೆ. ಎರಡು ವಾರದೊಳಗೆ ಗಾರೆಯ ಹಾಗೆ ಗಟ್ಟಿ. ಇದು ಟಾರ್ಟರ್. ಇನ್ನು ಬ್ರಶ್ಶಿನ ಆಟ ನಡೆಯುವುದಿಲ್ಲ.

"ಬೋರ್‌ವೆಲ್ ನೀರು ಕುಡಿದು ಹಲ್ಲಿಗೆ ಹೀಗಾಗಿದೆ" ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಗೀಸರಿನೊಳಗೆ ಕಟ್ಟುವ ಬಿಳಿ ಪದರ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಟಾರ್ಟರಿಗೆ ಸುಣ್ಣ ಕೊಡುವುದು ನಲ್ಲಿಯಲ್ಲ, ನಮ್ಮದೇ ಜೊಲ್ಲು. ಕನ್ನಡಿ ಹಿಡಿದು ನೋಡಿ. ಕೆಳಗಿನ ಮುಂಭಾಗದ ಹಲ್ಲುಗಳ ಹಿಂಬದಿಯಲ್ಲಿ ಅದು ಜಾಸ್ತಿ, ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆಯಲ್ಲಿ ಜಾಸ್ತಿ. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಸರಿಯಾಗಿ ಅಲ್ಲೇ, ಒಂದು ನಾಲಿಗೆಯ ಕೆಳಗೆ, ಇನ್ನೊಂದು ಕೆನ್ನೆಯ ಒಳಗೆ.

ವಸಡಿನ ಗಡಿಯಾರ ಬೇರೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಗಾರರು ಆರೋಗ್ಯವಾದ ವಸಡಿನ 12 ಜನರಿಗೆ ಹಲ್ಲುಜ್ಜಬೇಡಿ ಅಂದರು. ಹೆಚ್ಚಿನವರು ದಂತ ವೈದ್ಯಕೀಯದ ವಿದ್ಯಾರ್ಥಿಗಳೇ, ಪಾಪ. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸರಿಹೋಯಿತು. ಅಂದರೆ ಉಜ್ಜದವನ ಪಾಲಿಗೆ ಆರು ತಿಂಗಳು ತೀರಾ ತಡ. ಚೆನ್ನಾಗಿ ಉಜ್ಜುವವನಿಗೆ ಅಷ್ಟು ಬೇಗ ಯಾಕೆ ಬೇಕು?

ಆದರೆ ಇಲ್ಲಿಗೇ ಮುಗಿದಿದ್ದರೆ ಅಮ್ಮನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಅಮ್ಮ ನನಗಿಂತ ಶಿಸ್ತಾಗಿ ಹಲ್ಲುಜ್ಜುತ್ತಾಳೆ.

ಅದೇ ಲೋ ಅವರ ತಂಡ 1970ರಿಂದ 15 ವರ್ಷ ಶ್ರೀಲಂಕಾದ ಟೀ ತೋಟದ ಕಾರ್ಮಿಕರ ಬಾಯಿ ನೋಡುತ್ತಾ ಹೋಯಿತು. 480 ಗಂಡಸರು. ಬ್ರಶ್ ಹಿಡಿದವರಲ್ಲ, ಹಲ್ಲಿನ ಡಾಕ್ಟರ ಮುಖ ಕಂಡವರಲ್ಲ. ಎಲ್ಲರ ಹಲ್ಲಿನ ಮೇಲೂ ಪ್ಲೇಕ್, ಟಾರ್ಟರ್ ದಂಡಿಯಾಗಿತ್ತು. ಎಲ್ಲರ ಹಲ್ಲೂ ಒಂದೇ ಸಮ ಹಾಳಾಗಬೇಕಿತ್ತು, ಅಲ್ವಾ? ಆಗಲಿಲ್ಲ. ನೂರಕ್ಕೆ ಸುಮಾರು 8 ಜನರಿಗೆ ಹಲ್ಲು ಹಿಡಿದಿಡುವ ಮೂಳೆ ಬೇಗಬೇಗ ಕರಗಿತು. 81 ಜನರಿಗೆ ನಿಧಾನವಾಗಿ ಕರಗಿತು. ಉಳಿದ 11 ಜನರಿಗೆ ವಸಡು ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಒಂದೇ ತೋಟ, ಹೆಚ್ಚುಕಡಿಮೆ ಒಂದೇ ಬದುಕು, ಬಾಯಿ ಮಾತ್ರ ಬೇರೆ ಬೇರೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಈ ಮೂರು ಗುಂಪಿಗೂ ಒಂದೇ ದಿನಾಂಕ ಬರೆದುಕೊಡುವುದು ಹೇಗೆ?

ಮುಂದಿನ ವಾರ ಅಮ್ಮನ ಜೊತೆ ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅವತ್ತು ರಶ್ ಇತ್ತು, ಹೇಳಬೇಕಿತ್ತು" ಅಂದರು. ಅಮ್ಮನ ಕೈಗೆ ಒಂದು ಕನ್ನಡಿ ಕೊಟ್ಟರು. ಮಿಲಿಮೀಟರಿನ ಗುರುತಿದ್ದ ತೆಳುವಾದ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾ ಜೋರಾಗಿ ಹೇಳುತ್ತಾ ಹೋದರು. "ಮೂರು, ಎರಡು, ಮೂರು. ಐದು, ಆರು, ಐದು." ಪಕ್ಕದ ಹುಡುಗಿ ಬರೆದುಕೊಂಡಳು.

"ಏನಮ್ಮಾ ಅದು, ಮಾರ್ಕ್ಸಾ?" ಅಂದಳು ಅಮ್ಮ, ಬಾಯಿ ತೆರೆದುಕೊಂಡೇ.

"ಹೂಂ ಅಮ್ಮಾ. ಆದರೆ ಇಲ್ಲಿ ಜಾಸ್ತಿ ಬಂದವರು ಫೇಲು."

ಮೂರು ಮಿಲಿಮೀಟರಿನವರೆಗೆ ಸಾಮಾನ್ಯ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಸಡು ಹಲ್ಲನ್ನು ಬಿಟ್ಟು ಸರಿದು ಜೇಬಿನ ಹಾಗೆ ಆಗಿದೆ ಅಂತ ಅರ್ಥ. ಐದು ಆರು ಮಿಲಿಮೀಟರ್ ಆಳಕ್ಕೆ ಯಾವ ಬ್ರಶ್ಶೂ ಇಳಿಯುವುದಿಲ್ಲ. ಅಮ್ಮ ಶಿಸ್ತಾಗಿ ಉಜ್ಜಿದರೂ ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಗೊತ್ತೇ ಆಗುವುದಿಲ್ಲ. ಕ್ಲೀನಿಂಗಿನಲ್ಲಿ ಅವನ್ನು ಕೆರೆದು ತೆಗೆದರೆ, ಆಳದ ಜೇಬುಗಳಲ್ಲಿ ಸುಮಾರು ಮೂರು ತಿಂಗಳಿಗೆ ಮತ್ತೆ ಹಳೆಯ ಸಂತೆ ಸೇರುತ್ತದೆ. ಚೀಟಿಯ ಮೂರು ತಿಂಗಳು ಬಂದದ್ದು ಇಲ್ಲಿಂದ. ಜೊತೆಗೆ ಅಮ್ಮನಿಗೆ ಶುಗರ್ ಬೇರೆ. ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ. ಅತ್ತೆ ಸೊಸೆ ಜಗಳದ ಹಾಗೆ, ಯಾರು ಶುರು ಮಾಡಿದರು ಅಂತ ಕೇಳಿ ಪ್ರಯೋಜನವಿಲ್ಲ.

ನನ್ನ ಅಂಕಿಗಳೆಲ್ಲ ಮೂರರೊಳಗೆ. ಹುಳುಕಿಲ್ಲ, ರಕ್ತವಿಲ್ಲ, ಸಿಗರೇಟಿಲ್ಲ. ಹಾಗಾಗಿ ಒಂದು ವರ್ಷ. ಸಿಗರೇಟಿನದೊಂದು ಮೋಸ ಇದೆ. ನಿಕೋಟಿನ್ ವಸಡಿನ ರಕ್ತನಾಳಗಳನ್ನು ಬಿಗಿಮಾಡುವುದರಿಂದ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. "ನಂಗೇನೂ ಬ್ಲೀಡಿಂಗ್ ಇಲ್ಲ" ಅನ್ನುವ ಗೆಳೆಯನೇ ಬೇಗ ಹೋಗಬೇಕಾದವನು.

ಇಂಗ್ಲೆಂಡಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ನೈಸ್ ಅನ್ನುವ ಒಂದು ಸರ್ಕಾರಿ ಸಂಸ್ಥೆ ಇದೆ (ನಮ್ಮ ನೈಸ್ ರೋಡಿಗೂ ಅದಕ್ಕೂ ಸಂಬಂಧವಿಲ್ಲ). 2004ರಲ್ಲೇ ಅದು ಹೇಳಿತು: ದೊಡ್ಡವರಿಗೆ ಚೆಕಪ್ಪಿನ ಅಂತರ 3ರಿಂದ 24 ತಿಂಗಳು, 18ರೊಳಗಿನವರಿಗೆ 3ರಿಂದ 12 ತಿಂಗಳು. ಅದರೊಳಗೆ ಯಾರಿಗೆ ಎಷ್ಟು ಅನ್ನುವುದನ್ನು ಡಾಕ್ಟರು ಅಪಾಯ ಅಳೆದು, ರೋಗಿಯ ಜೊತೆ ಮಾತಾಡಿ ತೀರ್ಮಾನಿಸಬೇಕು. ಆಮೇಲೆ ಪ್ರಯೋಗಗಳೂ ಬಂದವು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಕೆಲವರಿಗೆ ಆರು ತಿಂಗಳಿಗೊಮ್ಮೆ ಕ್ಲೀನಿಂಗ್, ಕೆಲವರಿಗೆ ವರ್ಷಕ್ಕೊಮ್ಮೆ, ಕೆಲವರಿಗೆ ಇಲ್ಲವೇ ಇಲ್ಲ. ಮೂರು ವರ್ಷದ ನಂತರ ವಸಡಿನ ರಕ್ತಸ್ರಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಬಂದ ಇನ್ನೊಂದರಲ್ಲಿ 2,372 ಜನರನ್ನು ನಾಲ್ಕು ವರ್ಷ ನೋಡಿದರು. ಆರು ತಿಂಗಳಿಗೆ ಚೆಕಪ್ ಮಾಡಿಸಿದವರಿಗೂ, ಅಪಾಯ ನೋಡಿ ಅಂತರ ಇಟ್ಟವರಿಗೂ ವಸಡು ಹೆಚ್ಚುಕಡಿಮೆ ಒಂದೇ. ಎರಡು ವರ್ಷಕ್ಕೊಮ್ಮೆ ಸಾಕು ಅಂತ ಡಾಕ್ಟರು ಒಪ್ಪಿದ್ದವರಲ್ಲೂ ಅದೇ ಕಥೆ.

ಇದನ್ನು ಓದಿ "ಸದ್ಯ, ಹೋಗೋದೇ ಬೇಡ" ಅಂದುಕೊಳ್ಳುವವರು ಒಂದು ಕ್ಷಣ ನಿಲ್ಲಬೇಕು. ಅಲ್ಲಿದ್ದವರು ಮೊದಲಿನಿಂದಲೂ ತಪ್ಪದೆ ಡಾಕ್ಟರ ಹತ್ತಿರ ಹೋಗುತ್ತಿದ್ದವರು. ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದೇ ನೋವು ತಡೆಯಲಾರದೆ ನಿದ್ದೆಗೆಟ್ಟ ಮೇಲೆ. ಇನ್ನೊಂದು ವಿಷಯ: ಚೆಕಪ್ ಬೇರೆ, ಕ್ಲೀನಿಂಗ್ ಬೇರೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರ ಬಾಯಿಯಲ್ಲಿ ಡಾಕ್ಟರು ಹುಡುಕುವುದು ಬರೀ ಕೊಳೆಯನ್ನಲ್ಲ, ಕ್ಯಾನ್ಸರಿನ ಮೊದಲ ಗುರುತನ್ನು. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವಕ್ಕೆ ಯಾವ ಚೀಟಿಯ ದಿನಾಂಕವನ್ನೂ ಕಾಯುವಂತಿಲ್ಲ.

ಅಮ್ಮನಿಗೆ ಇನ್ನೊಂದು ಭಯ ಇತ್ತು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ. ಪಕ್ಕದ ಮನೆಯವರು ಹೇಳಿದ್ದಂತೆ. ಆದ ಅನುಭವ ಸುಳ್ಳಲ್ಲ, ಕಾರಣ ಮಾತ್ರ ತಿರುಗುಮುರುಗು. ಮೂಳೆ ಮೊದಲೇ ಕರಗಿರುತ್ತದೆ. ಟಾರ್ಟರ್ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ, ಸಂದು ಮುಚ್ಚಿ ನಿಂತಿರುತ್ತದೆ. ಅದನ್ನು ತೆಗೆದಾಗ, ವಸಡಿನ ಊತ ಇಳಿದಾಗ, ಮುಚ್ಚಿದ್ದ ಸಂದು ಕಾಣುತ್ತದೆ. ಗೋಡೆಯ ಬಿರುಕಿಗೆ ಹಚ್ಚಿದ್ದ ಬಣ್ಣ ಕೆರೆದ ಹಾಗೆ. ಇದನ್ನು ಕ್ಲೀನಿಂಗಿಗೆ ಮೊದಲೇ ಹೇಳಿದರೆ ವಿವರಣೆ, ಆಮೇಲೆ ಹೇಳಿದರೆ ಸಬೂಬು. ನಮ್ಮ ಡಾಕ್ಟರಮ್ಮ ಅವತ್ತು ಮೊದಲೇ ಹೇಳಿದರು.

ನಾನು ಹಿಂದೆ ಹೋಗುತ್ತಿದ್ದ ಕ್ಲಿನಿಕ್ಕಿನಿಂದ ಇವತ್ತಿಗೂ ಆರು ತಿಂಗಳಿಗೊಮ್ಮೆ ಮೆಸೇಜ್ ಬರುತ್ತದೆ, ಕ್ಲೀನಿಂಗ್ ಡ್ಯೂ ಆಗಿದೆ, ಹಬ್ಬದ ಡಿಸ್ಕೌಂಟ್ ಇದೆ ಅಂತ. ಮೆಸೇಜ್ ಕಳಿಸುವುದು ತಪ್ಪಲ್ಲ. ನೆನಪು ಮಾಡಿದರೆ ಜನ ತಪ್ಪದೆ ಬರುತ್ತಾರೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ಆ ಮೆಸೇಜಿಗೆ ನನ್ನ ಬಾಯಿ ಗೊತ್ತಿಲ್ಲ. "ನಿಮ್ಮ ಕೆಳಗಿನ ಎಡದವಡೆಯ ಎರಡು ಜೇಬು ಮತ್ತೆ ಅಳೆಯಬೇಕು" ಅಂತ ಒಂದು ಸಾಲು ಬಂದರೆ ಯಾರು ಡಿಲೀಟ್ ಮಾಡುತ್ತಾರೆ?

ಮೂರು ತಿಂಗಳಾದ ಮೇಲೆ ಯಾರೂ ನೆನಪಿಸದೆಯೇ ಅಮ್ಮ ಹೊರಟು ನಿಂತಳು. ಕುರ್ಚಿಯಲ್ಲಿ ಕೂತವಳೇ "ಕನ್ನಡಿ ಕೊಡಮ್ಮಾ" ಅಂದಳು. ಐದುಗಳಲ್ಲಿ ಹೆಚ್ಚಿನವು ನಾಲ್ಕಾಗಿದ್ದವು. ಅಲ್ಲಾಡುತ್ತಿದ್ದ ಹಲ್ಲಿನ ಹತ್ತಿರ ಆರು ಆರಾಗಿಯೇ ಇತ್ತು. ಚೀಟಿಯಲ್ಲಿ ಮತ್ತೆ ಮೂರು ತಿಂಗಳೇ ಬಂತು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ದಿನ ಗುರುತು ಹಾಕುವ ಪೆನ್ನಿನಲ್ಲೇ ಆ ದಿನಕ್ಕೆ ಸುತ್ತು ಹಾಕಿದಳು. ಪಕ್ಕದಲ್ಲಿ ಸಣ್ಣದಾಗಿ ಬರೆದಳು: ಬಲಗಡೆ ಹಿಂದಿನದು, 6.