ಕ್ಲಬ್ಬಿಗೆ ದಾನಿಗಳಿದ್ದಾರೆ, ಕಾಲೇಜಿಗೆ ಮ್ಯಾಟ್ ಇಲ್ಲ: ಕಾಸರಗೋಡಿನ ಕಬಡ್ಡಿ

ಮಳೆಗಾಲ ಕಳೆದು ಗದ್ದೆ ಒಣಗಿತೆಂದರೆ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಬ್ಯಾನರುಗಳು ಏಳುತ್ತವೆ. ನಗದು ಬಹುಮಾನ, ಟ್ರೋಫಿ, ಬಾಡಿಗೆ ಮ್ಯಾಟ್, ಊಟ ಎಲ್ಲದಕ್ಕೂ ದಾನಿಗಳು ಸಿಗುತ್ತಾರೆ. ಅದೇ ಆಟಗಾರ ಮರುದಿನ ಕಾಲೇಜಿನ ಅಂಗಿ ತೊಟ್ಟು ಹೊರಟರೆ ಬಸ್ಸಿನ ಹಣವನ್ನು ಮೊದಲು ಸ್ವಂತ ಜೇಬಿನಿಂದ ಕೊಟ್ಟು, ಆಮೇಲೆ ರಸೀದಿ ಹಿಡಿದು ಕಾಯಬೇಕಾಗುತ್ತದೆ.

ಇದರ ಬೇರು ಹಳೆಯದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಮರುವರ್ಷವೇ ಇಲ್ಲಿ ಸರಕಾರಿ ಕಾಲೇಜು ಬಂತು. 1968ರಲ್ಲಿ ಕಲ್ಲಿಕೋಟೆ, 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯಗಳು ಹುಟ್ಟಿ, ಆಡಳಿತವೆಲ್ಲ ತೆಂಕಲಿಗೆ ತಿರುಗಿತು. ಆಟದ ರುಚಿ ಮಾತ್ರ ಬಡಗಲಿನ ಮಂಗಳೂರಿನ ಕಡೆಯೇ ಉಳಿಯಿತು. ಕೇರಳದ ಅಭಿಮಾನ ಫುಟ್‌ಬಾಲ್, ವಾಲಿಬಾಲ್, ಓಟದ ಮೇಲೆ. ಓಟಗಾರ್ತಿ ಪಿ.ಟಿ. ಉಷಾ, ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಅವರನ್ನು ಕೊಟ್ಟ ನೆಲಕ್ಕೆ ಅದು ಸಹಜವೇ. ಆದರೆ ಅನುದಾನ ಹಂಚುವ ಮೇಜಿನ ಮೇಲೆ ಕಬಡ್ಡಿ ತುದಿಯ ಜಿಲ್ಲೆಯೊಂದರ ಆಟವಾಗಿಯೇ ಕುಳಿತಿತು.

ಮಣ್ಣಿನಲ್ಲಿ ಆಡುವಷ್ಟು ಕಾಲ ಈ ಬಡತನ ಯಾರ ಕಣ್ಣಿಗೂ ಬೀಳಲಿಲ್ಲ. ಸಮತಟ್ಟು ಜಾಗ, ಒಂದಿಷ್ಟು ಸುಣ್ಣದ ಪುಡಿ, ಬರಿಗಾಲಿನ ಏಳು ಮಂದಿ ಸಾಕಿತ್ತು. 1990ರಲ್ಲಿ ಕಬಡ್ಡಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಹೋಯಿತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಆ ವರ್ಷದ ಹರಾಜಿನಲ್ಲಿ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್ ಅವರ ಬೆಲೆ 12.80 ಲಕ್ಷ ರೂಪಾಯಿ. 2023ಕ್ಕೆ ಪವನ್ ಸೆಹ್ರಾವತ್ ಅವರಿಗೆ 2.60 ಕೋಟಿಗೂ ಹೆಚ್ಚು ಸಿಕ್ಕಿತು. ಆಟದ ನೆಲ ಮಣ್ಣಿನಿಂದ ಮ್ಯಾಟಿಗೆ ಬದಲಾಯಿತು, ಆ ಬದಲಾವಣೆಯ ಖರ್ಚನ್ನು ಯಾರು ಕೊಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 130 ಚದರ ಮೀಟರ್ ಮ್ಯಾಟ್ ಬೇಕು, ಅದರ ಅಡಿಗೆ ಗಟ್ಟಿ ನೆಲ, ಮೇಲೆ ಸೂರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಸೂರಿಲ್ಲದ ಮ್ಯಾಟ್ ಇದ್ದೂ ಇಲ್ಲದಂತೆ. ಕಾಲೇಜು ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೇ. ಮಣ್ಣಿನಲ್ಲಿ ಪಳಗಿದ ರೈಡರ್ ಕಾಲು ಜಾರಿಸಿ ತಿರುಗುತ್ತಾನೆ. ಮ್ಯಾಟಿನಲ್ಲಿ ಶೂ ಕಚ್ಚಿ ಹಿಡಿಯುತ್ತದೆ, ತಿರುಚಿಕೊಳ್ಳುವುದು ಮಂಡಿ. ಪಂದ್ಯದ ದಿನವೇ ಮೊದಲ ಬಾರಿಗೆ ಮ್ಯಾಟ್ ಮೆಟ್ಟುವ ತಂಡದಿಂದ ಗೆಲುವನ್ನು ನಿರೀಕ್ಷಿಸುವುದು ನನ್ನ ಪ್ರಕಾರ ಕ್ರೌರ್ಯವೇ.

ಇಷ್ಟಿದ್ದೂ ಹುಡುಗರು ಕಾಲೇಜು ತಂಡ ಬಿಡುವುದಿಲ್ಲ, ಪ್ರಮಾಣಪತ್ರದ ಕಾರಣಕ್ಕೆ. ಕ್ಲಬ್ಬಿನ ಟ್ರೋಫಿ ಷೋಕೇಸಿಗೆ ಆಗುತ್ತದೆ. ರೈಲ್ವೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವಾಗ ತೂಕವಿರುವುದು ಅಂತರ ವಿಶ್ವವಿದ್ಯಾಲಯ ಪಂದ್ಯಾಟದ ಕಾಗದಕ್ಕೆ. ಅಲ್ಲಿಗೆ ಹೋಗಬೇಕಾದರೆ ಕಾಲೇಜು ತಂಡದಿಂದಲೇ ಹಾಯಬೇಕು. ಕಣ್ಣೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವಿರುವುದು ಕಣ್ಣೂರಿನ ಬಳಿಯ ಮಾಂಙಾಟ್ಟುಪರಂಬದಲ್ಲಿ, ಮಂಜೇಶ್ವರದಿಂದ ಸುಮಾರು ನೂರು ಕಿಲೋಮೀಟರ್ ದೂರ. ಮಂಗಳೂರಿಗಾದರೆ ಇಪ್ಪತ್ತರ ಆಸುಪಾಸು. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಪರೀಕ್ಷೆ, ಹಾಜರಾತಿಯ ಲೆಕ್ಕವೂ ಬಿಗಿಯಾಗಿದೆ.

ಹುಡುಗಿಯರ ಕಷ್ಟವನ್ನು ಬೇರೆಯಾಗಿಯೇ ಹೇಳಬೇಕು. ರಾತ್ರಿ ಪಂದ್ಯಾಟಗಳು ಬಹುಮಟ್ಟಿಗೆ ಗಂಡಸರವು. ಹುಡುಗನಿಗೆ ಕಾಲೇಜು ಕೈಕೊಟ್ಟರೂ ಕ್ಲಬ್ ಇದೆ. ಹುಡುಗಿಗೆ ಕಾಲೇಜು ಬಿಟ್ಟರೆ ಅಂಕಣವೇ ಇಲ್ಲ. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದ ಮಮತಾ ಪೂಜಾರಿ ಇಲ್ಲಿಂದ ದೂರವಲ್ಲದ ಕಾರ್ಕಳದವರು. ಪ್ರತಿಭೆ ಈ ಕರಾವಳಿಯಲ್ಲಿ ಇಲ್ಲವೆನ್ನುವಂತಿಲ್ಲ.

ಚೆನ್ನಾಗಿ ಆಡುವವರಿಗೆ ಗಡಿಯಾಚೆಯ ಕರೆ ಬರುತ್ತದೆ. ಮೂಡಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಭಾಷೆಯ ತೊಡಕೂ ಅಲ್ಲಿಲ್ಲ. ಹೋದವರನ್ನು ದೂರುವಂತಿಲ್ಲ. ಆದರೆ ಅವರು ಗೆದ್ದ ಅಂಕಗಳು ಬೇರೆ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಸೇರುತ್ತವೆ, ಫಲಿತಾಂಶವಿಲ್ಲದ ಕಾಲೇಜು ಹಣ ಕೇಳಲು ಹೋದಾಗ ಅದರ ಕೈ ಖಾಲಿಯಿರುತ್ತದೆ. ಕಾಸರಗೋಡು, ಮಂಜೇಶ್ವರದ ಕಾಲೇಜುಗಳಿಗೆ ಹಂಚಿಕೊಳ್ಳಲು ಸೂರಿನಡಿಯ ಒಂದೇ ಒಂದು ಮ್ಯಾಟ್ ಅಂಕಣ ಕೊಟ್ಟರೂ ಜೂನ್‌ನಿಂದಲೇ ಅಭ್ಯಾಸ ಶುರುವಾದೀತು.