ಮೂರು ದಿನದಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿ ಪೂರ್ತಿ ನೋಡಬಹುದಾ?

ಓದುಗರ ಪ್ರಶ್ನೆ: ನಾವು ಡಬ್ಲಿನ್‌ನಲ್ಲಿದ್ದೇವೆ. ಜೂನ್ ತಿಂಗಳ ಮೊದಲ ಸೋಮವಾರ ಇಲ್ಲಿ ರಜೆ. ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ ಸಿಗುತ್ತದೆ. ಆ ಹೊತ್ತಿಗೆ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮೊಹರ್ ಬಂಡೆಗಳು, ರಿಂಗ್ ಆಫ್ ಕೆರ್ರಿ, ಡಿಂಗಲ್, ಸಾಧ್ಯವಾದರೆ ಕಾನೆಮಾರಾ. ಇಷ್ಟನ್ನೂ ನೋಡಲು ಹೇಗೆ ಪ್ಲ್ಯಾನ್ ಮಾಡುವುದು?

ಆಗುವುದಿಲ್ಲ. ಬಲವಂತವಾಗಿ ಆಗಿಸಲೂ ಹೋಗಬೇಡಿ.

ತಪ್ಪು ನಿಮ್ಮದಲ್ಲ, ಮ್ಯಾಪಿನದು. ಅದರಲ್ಲಿ ಐರ್ಲೆಂಡ್ ಅಂಗೈಯಗಲ ಕಾಣುತ್ತದೆ. ಆದರೆ ಪಶ್ಚಿಮದ ಅಂಚು ನೆಟ್ಟಗಿಲ್ಲ, ಹರಿದ ಸೆರಗಿನ ಹಾಗೆ ಚಿಂದಿಚಿಂದಿಯಾಗಿದೆ. ದಕ್ಷಿಣದ ಕಿನ್ಸೇಲ್‌ನಿಂದ ಉತ್ತರದ ಡೊನೆಗಾಲ್‌ವರೆಗೆ ಆ ಅಂಚನ್ನೇ ಹಿಡಿದು ಸಾಗುವ ದಾರಿಗೆ 2014ರಲ್ಲಿ ವೈಲ್ಡ್ ಅಟ್ಲಾಂಟಿಕ್ ವೇ ಅಂತ ಹೆಸರಿಟ್ಟರು. ಅದರ ಉದ್ದ ಸುಮಾರು 2,500 ಕಿಲೋಮೀಟರ್. ರಿಂಗ್ ಆಫ್ ಕೆರ್ರಿ ಒಂದು ಸುತ್ತೇ 179 ಕಿಲೋಮೀಟರ್. ಅದೂ ಹೈವೇ ಅಲ್ಲ. ಎರಡೂ ಕಡೆ ಬೇಲಿ, ನಡುವೆ ಕುರಿ, ಎದುರಿಗೆ ಟ್ರ್ಯಾಕ್ಟರ್.

ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಮೂರು ದಿನ, ನಾಲ್ಕು ಜಾಗ, ದಿನಕ್ಕೊಂದು ಹೋಟೆಲ್. ಮೊಹರ್ ತಲುಪಿದಾಗ ಮಂಜು ಎಷ್ಟಿತ್ತೆಂದರೆ 214 ಮೀಟರ್ ಎತ್ತರದ ಬಂಡೆ ಇರಲಿ, ಮುಂದೆ ನಿಂತವರ ಬೆನ್ನೂ ಸರಿಯಾಗಿ ಕಾಣಲಿಲ್ಲ. ಕಾಯೋಣ ಅಂದರೆ ಸಂಜೆಯೊಳಗೆ ಮುಂದಿನ ಊರು ಸೇರಬೇಕಿತ್ತು. ಹೊರಟು ಅರ್ಧ ಗಂಟೆಗೆ ಹಿಂದುಗಡೆ ಬಿಸಿಲು ಬಿತ್ತು! ಆ ಪ್ರವಾಸದಲ್ಲಿ ಈಗ ಚೆನ್ನಾಗಿ ನೆನಪಿರುವುದು ಕಾರಿನ ವೈಪರ್ ಮಾತ್ರ.

ಹಾಗಾಗಿ ನನ್ನ ಸಲಹೆ ಒಂದೇ. ಒಂದು ಜಾಗ ಆರಿಸಿ, ಎರಡು ರಾತ್ರಿಯೂ ಅಲ್ಲೇ ಮಲಗಿ. ಮೂರು ದಿನಕ್ಕೆ ಆ ಜಾಗ ಡಿಂಗಲ್ ಆಗಲಿ.

ಡಿಂಗಲ್ ಕೆರ್ರಿ ಕೌಂಟಿಯಲ್ಲಿ ಅಟ್ಲಾಂಟಿಕ್ ಕಡಲೊಳಕ್ಕೆ ಬೆರಳಿನ ಹಾಗೆ ಚಾಚಿದ ನೆಲ. ಒಂದೇ ಬೆರಳಿನಲ್ಲಿ ಬೆಟ್ಟ, ಬಂಡೆ, ಮರಳಿನ ದಂಡೆ, ಮೀನುಗಾರರ ಊರು, ಸಾವಿರ ವರ್ಷದ ಕಲ್ಲಿನ ಕಟ್ಟಡಗಳು ಎಲ್ಲ ಇವೆ. ಒಂದು ಕಡೆ ಮಳೆ ಅಂದರೆ ಇಪ್ಪತ್ತು ನಿಮಿಷ ಓಡಿಸಿ ಇನ್ನೊಂದು ಕಡೆಗೆ ಹೋಗಬಹುದು. ಹವಾಮಾನದ ಜೊತೆ ಈ ಚೌಕಾಸಿ ಮಾಡಲು ಬರುವುದು ಒಂದೇ ಕಡೆ ಉಳಿದಾಗ ಮಾತ್ರ.

ಡಬ್ಲಿನ್‌ನಿಂದ ಡಿಂಗಲ್‌ಗೆ ಸುಮಾರು 350 ಕಿಲೋಮೀಟರ್. ಎಲ್ಲೂ ನಿಲ್ಲದೆ ಹೋದರೆ ನಾಲ್ಕೂವರೆ ಗಂಟೆ. ಅಪ್ಪ ಅಮ್ಮ ಜೊತೆಗಿದ್ದರೆ ಆರು ಗಂಟೆ ಅಂತ ಇಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ಬೇಗ ಹೊರಟು ಲಿಮರಿಕ್ ದಾಟಿ, ಬೆರಳಿನ ದಕ್ಷಿಣದ ಅಂಚು ಹಿಡಿದು ಇಂಚ್ ಕಡಲತೀರದ ದಾರಿಯಾಗಿ ಹೋಗಿ. ಕಡಲಿಗೆ ಅಡ್ಡವಾಗಿ ಸುಮಾರು ಐದು ಕಿಲೋಮೀಟರ್ ಮರಳಿನ ನಾಲಿಗೆ ಚಾಚಿಕೊಂಡಿದೆ. ಕಾರಿನಲ್ಲಿ ಕೂತು ಮರಗಟ್ಟಿದ ಕಾಲಿಗೆ ಅಲ್ಲಿ ಒಂದು ಗಂಟೆ ಸಿಕ್ಕರೆ ಸಾಕು.

ಮುಂದೆ ಆನಸ್ಕಾಲ್ ಅನ್ನುವ ಪುಟ್ಟ ಊರು. ಅಲ್ಲೊಂದು ಪಬ್ಬಿಗೆ ಸೌತ್ ಪೋಲ್ ಇನ್ ಅಂತ ಹೆಸರು. ಕೆರ್ರಿಯ ಹಸಿರು ಹೊಲಗಳ ನಡುವೆ ದಕ್ಷಿಣ ಧ್ರುವ ಎಲ್ಲಿಂದ ಬಂತು? ಈ ಊರಿನ ಪಕ್ಕದ ರೈತರ ಮಗ ಟಾಮ್ ಕ್ರೀನ್ ಮೂರು ಸಲ ಅಂಟಾರ್ಕ್ಟಿಕಾಗೆ ಹೋಗಿ ಬಂದವರು. ಧ್ರುವಯಾತ್ರೆಗಳ ನಾಯಕರಾದ ಸ್ಕಾಟ್ ಜೊತೆ ಎರಡು ಸಲ, ಶ್ಯಾಕಲ್ಟನ್ ಜೊತೆ ಒಂದು ಸಲ. ಆಮೇಲೆ ಊರಿಗೆ ಮರಳಿ ಈ ಪಬ್ಬು ನಡೆಸಿಕೊಂಡು ಇದ್ದುಬಿಟ್ಟರು. 1938ರಲ್ಲಿ ತೀರಿಕೊಂಡರು. ಪಬ್ಬು ಬೇಡ ಅನ್ನುವವರು ಹೊರಗೆ ನಿಂತು ಬೋರ್ಡು ನೋಡಿದರೂ ಸರಿ.

ಡಿಂಗಲ್ ಹತ್ತಿರವಾದಂತೆ ದಾರಿಯ ಬೋರ್ಡುಗಳಿಂದ ಇಂಗ್ಲಿಷ್ ಮಾಯವಾಗುತ್ತದೆ. ಗಾಬರಿಯಾಗಬೇಡಿ. ಇದು ಐರಿಷ್ ಭಾಷೆ ಇನ್ನೂ ಮನೆಮಾತಾಗಿ ಉಳಿದಿರುವ ಪ್ರದೇಶ. ಇಂಥ ಪ್ರದೇಶಕ್ಕೆ ಗೇಲ್ಟಾಕ್ಟ್ ಅನ್ನುತ್ತಾರೆ. 2005ರಲ್ಲಿ ಸರ್ಕಾರ ಇಲ್ಲಿ ಐರಿಷ್ ಹೆಸರುಗಳು ಮಾತ್ರ ಅಧಿಕೃತ ಅಂದಿತು. ಡಿಂಗಲ್ ಹೋಗಿ ಅನ್ ಡ್ಯಾಂಗನ್ ಆಯಿತು. ಊರಿನವರಿಗೆ ಸಿಟ್ಟು ಬಂತು. ಪ್ರವಾಸಿಗರಿಗೆ ಗೊತ್ತಿರುವ ಹೆಸರನ್ನೇ ಅಳಿಸಿದರೆ ಹೊಟ್ಟೆಪಾಡು ಏನು ಅಂತ. 2006ರಲ್ಲಿ ಮತ ಹಾಕಿಸಿದರೆ ಬಹುತೇಕ ಎಲ್ಲರೂ ಎರಡು ಭಾಷೆಯ ಹೆಸರೂ ಇರಲಿ ಅಂದರು. ಬೋರ್ಡಿನ ಭಾಷೆಗೆ ಜಗಳ ನಮಗೇನು ಹೊಸದಲ್ಲ, ಅಲ್ವಾ? ಆದರೆ ಇಲ್ಲಿ ತಮ್ಮ ಭಾಷೆಯನ್ನೇ ಆಡುವ ಊರಿನವರು ಇಂಗ್ಲಿಷ್ ಹೆಸರೂ ಬೇಕು ಅಂದದ್ದು ನನಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡಿತು. ಇರಲಿ. ನಿಮಗೆ ಬೇಕಾದದ್ದು ಇಷ್ಟು: ಅನ್ ಡ್ಯಾಂಗನ್ ಅಂದರೆ ಡಿಂಗಲ್, ಕ್ಯಾನ್ ತ್ರಾ ಅಂದರೆ ಡಿಂಗಲ್ ದಾಟಿದ ಮೇಲೆ ಸಿಗುವ ವೆಂಟ್ರಿ. ರಸ್ತೆಯ ಮೇಲೆ ‘ಗೋ ಮಾಲ್’ ಅಂತ ಓದಿಕೊಳ್ಳುವ ಹಾಗೆ ಬರೆದಿದ್ದರೆ ಅದು ಶಾಪಿಂಗಿಗೆ ಕರೆಯಲ್ಲ, ನಿಧಾನವಾಗಿ ಹೋಗಿ ಅಂತ.

ಭಾನುವಾರ ಸ್ಲೇ ಹೆಡ್ ಡ್ರೈವ್‌ಗೆ. ಡಿಂಗಲ್‌ನಿಂದ ಹೊರಟು ಬೆರಳಿನ ತುದಿ ಸುತ್ತಿ ಮತ್ತೆ ಡಿಂಗಲ್‌ಗೆ ಬರುವ ಈ ದಾರಿ 50 ಕಿಲೋಮೀಟರಿಗಿಂತ ಕಡಿಮೆ. ಅಷ್ಟೇನಾ, ಎರಡು ಗಂಟೆಯ ಕೆಲಸ ಅಂದುಕೊಳ್ಳಬೇಡಿ. ಆ ದಿನಕ್ಕೆ ಬೇರೇನೂ ಇಟ್ಟುಕೊಳ್ಳಬೇಡಿ. ಮತ್ತೆ, ಪ್ರದಕ್ಷಿಣೆ ಹಾಕುವ ಹಾಗೆಯೇ ಹೋಗಿ. ಕಾನೂನಲ್ಲ, ಆದರೆ ಬಸ್ಸುಗಳೆಲ್ಲ ಹಾಗೇ ಹೋಗುತ್ತವೆ. ಉಲ್ಟಾ ಹೋದರೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ ಇರುವ ತಿರುವಿನಲ್ಲಿ ಬಸ್ಸು ಎದುರಾಗಿ ನೀವೇ ರಿವರ್ಸ್ ಹೋಗಬೇಕಾಗುತ್ತದೆ. ಐರ್ಲೆಂಡಿನಲ್ಲೂ ನಮ್ಮ ಹಾಗೆ ಎಡಗಡೆ ಡ್ರೈವಿಂಗ್. ಪ್ರದಕ್ಷಿಣೆಯಲ್ಲಿ ಕಡಲೂ ಎಡಗಡೆಗೇ ಬರುತ್ತದೆ, ನಿಲ್ಲಿಸಲೂ ಸುಲಭ.

ಹತ್ತರಿಂದ ನಾಲ್ಕರವರೆಗೆ ಇಲ್ಲಿ ಬಸ್ಸುಗಳ ರಾಜ್ಯ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ. ಬೆಳಿಗ್ಗೆ ಎಂಟೂವರೆಗೆ ಹೊರಡಿ, ಇಲ್ಲವೇ ಮಧ್ಯಾಹ್ನ ನಿದ್ದೆ ಮುಗಿಸಿ ನಾಲ್ಕಕ್ಕೆ. ನನ್ನ ಮತ ಸಂಜೆಗೆ. ಇಳಿಬಿಸಿಲು ಪಶ್ಚಿಮದಿಂದ ನೇರ ಬಂಡೆಗಳ ಮೇಲೆ ಬೀಳುತ್ತದೆ.

ವೆಂಟ್ರಿ ದಾಟಿದ ಮೇಲೆ ಬಲಗಡೆ ಗುಡ್ಡದ ಮೈಯಲ್ಲಿ ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲುಗಳು ಕಾಣುತ್ತವೆ. ಗಾರೆ ಇಲ್ಲ, ಮಣ್ಣಿಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಗುಡಿಸಲಿರುವ ಜಮೀನಿನವರು ಒಳಗೆ ಬಿಡಲು ಕೆಲವು ಯೂರೊ ಕೇಳುತ್ತಾರೆ, ಚಿಲ್ಲರೆ ಇಟ್ಟುಕೊಂಡಿರಿ. ಸ್ವಲ್ಪ ಮುಂದೆ ಒಂದು ತೊರೆ ರಸ್ತೆಯ ಮೇಲೇ ಹರಿಯುತ್ತದೆ. ಸೇತುವೆ ಇಲ್ಲ, ನೀರಿನಲ್ಲೇ ಕಾರು ಇಳಿಸಬೇಕು. ಆಳವೇನಿಲ್ಲ.

ಆಮೇಲೆ ಕೂಮಿನೂಲ್ ಕಡಲತೀರ. ಎರಡು ಬಂಡೆಗಳ ನಡುವೆ ಬಚ್ಚಿಟ್ಟ ಹಾಗೆ ಇದೆ. ನೋಡಲು ಎಷ್ಟು ಚೆಂದವೋ ಇಳಿಯಲು ಅಷ್ಟೇ ಅಪಾಯ. ಅಲೆಯ ಸೆಳೆತ ಜೋರು, ಮೊಣಕಾಲಿಗಿಂತ ಮುಂದೆ ಹೋಗಬೇಡಿ. ಈಜಬೇಕು ಅನ್ನುವವರಿಗೆ ಹಿಂದೆ ಬಿಟ್ಟುಬಂದ ವೆಂಟ್ರಿ ವಾಸಿ. ಪಕ್ಕದ ಡನ್‌ಮೋರ್ ಹೆಡ್ ಐರ್ಲೆಂಡಿನ ಮುಖ್ಯ ನೆಲದ ಕಟ್ಟಕಡೆಯ ಪಶ್ಚಿಮದ ತುದಿ. ಎದುರಿನ ಬ್ಲಾಸ್ಕೆಟ್ ದ್ವೀಪಗಳನ್ನು ಬಿಟ್ಟರೆ ಆಚೆ ಸಿಗುವುದು ಕೆನಡಾ.

ಆ ಬ್ಲಾಸ್ಕೆಟ್ ದ್ವೀಪಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗ್ರೇಟ್ ಬ್ಲಾಸ್ಕೆಟ್‌ನಲ್ಲಿ ಒಂದು ಕಾಲಕ್ಕೆ ನೂರೈವತ್ತಕ್ಕೂ ಹೆಚ್ಚು ಜನ ಇದ್ದರು. ಅಂಗಡಿ ಇಲ್ಲ, ಡಾಕ್ಟರ್ ಇಲ್ಲ, ಚರ್ಚ್ ಇಲ್ಲ. ಎಲ್ಲಕ್ಕೂ ನವೋಗ್ ಅನ್ನುವ ಹಗುರ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಈ ದಡಕ್ಕೆ ಬರಬೇಕು. ಓದುಬರಹ ಅಷ್ಟಾಗಿ ಇಲ್ಲದ ಆ ಪುಟ್ಟ ಹಳ್ಳಿಯಿಂದ ಐರಿಷ್ ಭಾಷೆಯ ಕೆಲವು ಒಳ್ಳೆಯ ಆತ್ಮಕಥೆಗಳು ಬಂದವು. ಆದರೆ ಯುವಕರು ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೋದರು. ಅವರಲ್ಲಿ ಬಹಳ ಜನ ಸೇರಿದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಅನ್ನುವ ಒಂದೇ ಊರಿಗೆ. ಉಳಿದವರು ಮುದುಕರಾದರು. ದೋಣಿಗೆ ಹುಟ್ಟು ಹಾಕಲೂ ತೋಳು ಸಾಲದಾಯಿತು. 1947ರಲ್ಲಿ ಬಿರುಗಾಳಿಗೆ ಸಿಕ್ಕು, ತಿನ್ನಲು ಏನೂ ಇಲ್ಲ, ಆಹಾರ ಕಳಿಸಿ ಅಂತ ಆಗಿನ ಪ್ರಧಾನಿ ಇಮನ್ ಡಿ ವಲೇರಾಗೆ ತಂತಿ ಕೊಟ್ಟರು. ಕೊನೆಗೆ 1953ರ ನವೆಂಬರಿನಲ್ಲಿ ಸರ್ಕಾರವೇ ದ್ವೀಪವನ್ನು ಖಾಲಿ ಮಾಡಿಸಿತು. ಆಗ ಉಳಿದಿದ್ದವರು ಇಪ್ಪತ್ತು ಚಿಲ್ಲರೆ ಜನ.

ಕಡಲು ಸುಮ್ಮನಿದ್ದರೆ ಬೇಸಿಗೆಯಲ್ಲಿ ಈ ದಡದ ಡನ್‌ಕ್ವಿನ್ ದೋಣಿಕಟ್ಟೆಯಿಂದ ದ್ವೀಪಕ್ಕೆ ದೋಣಿ ಹೋಗುತ್ತದೆ. ಆದರೆ ಟಿಕೆಟ್ ಇದ್ದರೂ ಬೆಳಿಗ್ಗೆ ಗಾಳಿ ಎದ್ದರೆ ರದ್ದು. ಇಳಿಯುವಾಗ ಪುಟ್ಟ ರಬ್ಬರ್ ದೋಣಿಗೆ ಬದಲಾಯಿಸಬೇಕಾಗಬಹುದು. ಡನ್‌ಕ್ವಿನ್‌ನ ಇಳಿಜಾರು ದಾರಿಯೂ ಕಡಿದು. ಅಲ್ಲಿಗೆ ಕಾರು ಇಳಿಸಬಾರದು, ನಡೆದೇ ಇಳಿಯಬೇಕು, ನಡೆದೇ ಹತ್ತಬೇಕು. ಮೊಣಕಾಲು ನೋವಿರುವ ಅಪ್ಪ ಅಮ್ಮನಿಗೆ ನಾನಂತೂ ಹೇಳುವುದಿಲ್ಲ. ಅವರಿಗೆ ಈ ದಡದಲ್ಲೇ ಇರುವ ಬ್ಲಾಸ್ಕೆಟ್ ಸೆಂಟರ್ ಚೆನ್ನಾಗಿದೆ. ದ್ವೀಪದವರ ಬದುಕನ್ನೆಲ್ಲ ಅಲ್ಲಿ ಜೋಡಿಸಿಟ್ಟಿದ್ದಾರೆ, ಕೊನೆಗೆ ಒಂದು ದೊಡ್ಡ ಗಾಜಿನ ಕಿಟಕಿಯಲ್ಲಿ ದ್ವೀಪವೇ ಕಾಣುತ್ತದೆ. ಮಳೆ ಬಂದರೂ ಇದು ಕೈಕೊಡುವುದಿಲ್ಲ.

ವಾಪಸು ಬರುವಾಗ ಗ್ಯಾಲರಸ್ ಕಲ್ಲುಗುಡಿ ತಪ್ಪಿಸಬೇಡಿ. ಮಗುಚಿ ಹಾಕಿದ ದೋಣಿಯ ಹಾಗಿರುವ ಪುಟ್ಟ ಪ್ರಾರ್ಥನಾ ಮಂದಿರ. ಕಟ್ಟಿದ್ದು ಯಾವಾಗ ಅಂತ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಆರನೇ ಶತಮಾನದಿಂದ ಹನ್ನೆರಡರವರೆಗೆ ಎಳೆದಾಡುತ್ತಾರೆ. ಇಲ್ಲೂ ಗಾರೆ ಇಲ್ಲ. ಕಲ್ಲುಗಳನ್ನು ತುಸು ಹೊರಕ್ಕೆ ವಾಲಿಸಿ ಇಟ್ಟಿದ್ದರಿಂದ ನೀರು ಆಚೆಗೇ ಜಾರುತ್ತದೆ. ಹೊರಗೆ ಮಳೆ ಸುರಿಯುವಾಗ ಒಳಗೆ ಹೋಗಿ ನಿಂತು ನೋಡಿ.

ಊಟದ ವಿಷಯ. ಡಿಂಗಲ್ ಮೀನಿನ ಊರು, ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳು ತರಕಾರಿ ಸೂಪು ಹೇಳುವ ಮೊದಲು ಕೋಳಿಯ ಸ್ಟಾಕ್ ಹಾಕಿದ್ದೀರಾ ಅಂತ ಕೇಳಿ. ಕಂದು ಬಣ್ಣದ ಸೋಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುವುದು ನನಗೆ ಇಷ್ಟ. ಆದರೆ ಅಮ್ಮನಿಗೆ ಎರಡು ದಿನ ಅದೇ ಆದರೆ ಬೇಜಾರು. ಅಡುಗೆಮನೆ ಇರುವ ರೂಮು ಹಿಡಿಯಿರಿ, ಅಕ್ಕಿ ಮತ್ತು ಪುಳಿಯೋಗರೆ ಗೊಜ್ಜು ಜೊತೆಗಿರಲಿ. ಸ್ಲೇ ಹೆಡ್ ದಾರಿಯಲ್ಲಿ ಅಂಗಡಿ ಕಡಿಮೆ, ಪೆಟ್ರೋಲ್, ನೀರು, ಹಣ್ಣು ಎಲ್ಲ ಡಿಂಗಲ್‌ನಲ್ಲೇ ತುಂಬಿಸಿಕೊಳ್ಳಿ. ಇನ್ನು ಕೊಡೆ ತರಬೇಡಿ. ಮಳೆ ಇಲ್ಲಿ ಪಕ್ಕದಿಂದ ಬರುತ್ತದೆ, ಕೊಡೆ ಮೊದಲ ಗಾಳಿಗೇ ಮಗುಚುತ್ತದೆ. ಟೋಪಿ ಇರುವ ರೇನ್‌ಕೋಟು, ಜೂನ್ ಆದರೂ ಒಂದು ಸ್ವೆಟರ್.

ಕಾರಿಲ್ಲದವರು ಡಬ್ಲಿನ್ ಹ್ಯೂಸ್ಟನ್‌ನಿಂದ ಟ್ರಲೀವರೆಗೆ ರೈಲು, ಅಲ್ಲಿಂದ ಡಿಂಗಲ್‌ಗೆ ಬಸ್ಸು ಹಿಡಿಯಬಹುದು. ಡಿಂಗಲ್‌ನಿಂದ ಸ್ಲೇ ಹೆಡ್ ಸುತ್ತಿಸುವ ಸಣ್ಣ ವ್ಯಾನುಗಳಿವೆ. ರಜೆಯ ವಾರಾಂತ್ಯಕ್ಕೆ ರೂಮುಗಳು ಬೇಗ ತುಂಬುತ್ತವೆ, ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಿ.

ಬೆಂಗಳೂರಿನಿಂದ ನೇರ ಬರುವವರಿಗೆ ಒಂದು ಮಾತು. ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ, ಬೇರೆ ವೀಸಾ ಬೇಕು. ಯುರೋಪ್ ಪ್ರವಾಸಕ್ಕೆ ಇದನ್ನೂ ಸೇರಿಸಿಕೊಳ್ಳೋಣ ಅಂದವರು ಇಲ್ಲೇ ಎಡವುತ್ತಾರೆ.

ಸೋಮವಾರ ವಾಪಸು ಹೊರಡುವಾಗ ಬಂದ ದಾರಿ ಬೇಡ. ಉತ್ತರಕ್ಕೆ ಕಾನರ್ ಪಾಸ್ ಹತ್ತಿ ಟ್ರಲೀ ಕಡೆ ಇಳಿಯಿರಿ. 400 ಮೀಟರಿಗೂ ಮೇಲೆ ನಿಂತರೆ ಹಿಂದೆ ಡಿಂಗಲ್ ಬಂದರು, ಮುಂದೆ ಹಿಮನದಿ ಕೊರೆದ ಕಣಿವೆ, ಪುಟ್ಟ ಪುಟ್ಟ ಕೆರೆಗಳು, ಪಕ್ಕದಲ್ಲಿ 952 ಮೀಟರಿನ ಬ್ರ್ಯಾಂಡನ್ ಬೆಟ್ಟ. ಆಚೆ ಬದಿಯ ಇಳಿಜಾರಿನಲ್ಲಿ ರಸ್ತೆ ಒಂದೇ ಕಾರಿನಷ್ಟು ಅಗಲ. ಬಸ್ಸು, ಲಾರಿ, ಕ್ಯಾರವಾನ್‌ಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಎದುರಿನಿಂದ ಕಾರು ಕಂಡರೆ ಅಗಲವಿದ್ದ ಕಡೆ ಮೊದಲೇ ನಿಂತುಬಿಡಿ. ಬೆಟ್ಟಕ್ಕೆ ಮೋಡ ಕವಿದಿದ್ದರೆ ಹತ್ತಲೇಬೇಡಿ, ಆನಸ್ಕಾಲ್ ಮೂಲಕ ಹೋಗುವ ಕೆಳಗಿನ ರಸ್ತೆ ಇದ್ದೇ ಇದೆ.

ಮೊಹರ್‌ಗೆ ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಕರೆದುಕೊಂಡು ಹೋಗಿ ಬರುವ ಬಸ್ಸುಗಳಿವೆ. ಅಪ್ಪ ಅಮ್ಮ ಇನ್ನೂ ಇರುತ್ತಾರಲ್ಲ, ಮುಂದಿನ ಯಾವುದಾದರೂ ಶನಿವಾರ, ಮಂಜಿಲ್ಲ ಅಂತ ಖಾತ್ರಿ ಮಾಡಿಕೊಂಡು ಕಳಿಸಿ.