ಸೋಂಕು ತಗುಲಿದ ಅಪೌಷ್ಟಿಕ ಮಗು: ಮೊದಲ ವಾರ ಕಡಿಮೆ ಊಟ ಏಕೆ, ಎಷ್ಟು, ಹೇಗೆ

ತೀವ್ರ ಅಪೌಷ್ಟಿಕತೆಯ ಮಗುವಿಗೆ ನ್ಯುಮೋನಿಯಾವೋ ಭೇದಿಯೋ ಜೋರಾದಾಗ ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಿಸಿ, ರಕ್ತ ಕಮ್ಮಿಯಿದೆ, ಐರನ್ ಸಿರಪ್ ಹಾಕಿ. ದಾಖಲಾದ ಮೊದಲ ಕೆಲವು ದಿನ ಇವೆರಡೂ ಅಪಾಯವೇ. ಅದು ಏಕೆ, ಬದಲಿಗೆ ಕೊಡುವ ಎಫ್-75 ಹಾಲಿನ (ಮೊದಲ ಹಂತಕ್ಕೆಂದೇ ಮಾಡಿದ, ಪ್ರೋಟೀನ್ ಕಡಿಮೆಯಿರುವ ಹಾಲು) ಲೆಕ್ಕವೇನು ಎಂಬುದು ಈ ಟಿಪ್ಪಣಿಯ ವಿಷಯ. ಇದು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲೋ ಮಕ್ಕಳ ವಾರ್ಡಿನಲ್ಲೋ ನಡೆಯುವ ಒಳರೋಗಿ ಚಿಕಿತ್ಸೆ, ಮನೆಯಲ್ಲಿ ಮಾಡುವುದಲ್ಲ.

ಯಾರಿಗೆ: 6ರಿಂದ 59 ತಿಂಗಳ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿರಬೇಕು, ಇಲ್ಲವೇ ಎತ್ತರಕ್ಕೆ ತಕ್ಕ ತೂಕ −3 ಎಸ್‌ಡಿಗಿಂತ (ಬೆಳವಣಿಗೆ ಪಟ್ಟಿಯಲ್ಲಿ ಸರಾಸರಿಯಿಂದ ಎಷ್ಟು ದೂರ ಎಂಬ ಅಳತೆ) ಕೆಳಗಿರಬೇಕು, ಇಲ್ಲವೇ ಎರಡೂ ಪಾದಗಳಲ್ಲಿ ಒತ್ತಿದರೆ ಕುಳಿ ಬೀಳುವ ಬಾವು ಇರಬೇಕು. ಒಂದಿದ್ದರೂ ಸಾಕು.

ದೇಹ ಖರ್ಚು ಇಳಿಸಿಕೊಂಡಿದೆ

ತಿಂಗಳುಗಟ್ಟಲೆ ಊಟ ಸಾಲದಿದ್ದಾಗ ದೇಹ ಒಂದೊಂದೇ ಕೆಲಸವನ್ನು ಕಡಿಮೆ ಮಾಡುತ್ತಾ ಬರುತ್ತದೆ. ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಧಾನವಾಗುತ್ತದೆ: ಸೋಡಿಯಂ ಒಳಗೆ ಉಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಸೋರಿ ಮೂತ್ರದಲ್ಲಿ ಹೋಗುತ್ತದೆ. ಹೃದಯದ ಸ್ನಾಯು ತೆಳುವಾಗುತ್ತದೆ. ಮೂತ್ರಪಿಂಡಕ್ಕೆ ಹೆಚ್ಚುವರಿ ಉಪ್ಪು, ನೀರು ಹೊರಹಾಕುವ ತಾಕತ್ತು ಇರುವುದಿಲ್ಲ. ಯಕೃತ್ತು ಗ್ಲೂಕೋಸ್ ತಯಾರಿಸುವುದು ಕುಗ್ಗುತ್ತದೆ, ಪ್ರೋಟೀನ್ ಹೆಚ್ಚಾದರೆ ಅದನ್ನು ಸಂಭಾಳಿಸಲೂ ಆಗುವುದಿಲ್ಲ.

ರೋಗನಿರೋಧಕ ವ್ಯವಸ್ಥೆಯ ಪಾಡೂ ಇದೇ. ರೋಗನಿರೋಧಕ ಕಣಗಳು ಬಲಿಯುವ ಥೈಮಸ್ ಗ್ರಂಥಿ ಕುಗ್ಗಿರುತ್ತದೆ, ಕರುಳಿನ ಒಳಪದರ ತೆಳುವಾಗಿರುತ್ತದೆ, ಸೋಂಕಿನ ವಿರುದ್ಧದ ಉರಿಯೂತ ಸರಿಯಾಗಿ ಏಳುವುದಿಲ್ಲ. ಜ್ವರ ಬರಲೂ ಶಕ್ತಿ ಬೇಕಲ್ಲ! ಹಾಗಾಗಿ ರಕ್ತಕ್ಕೇ ಸೋಂಕು ಹರಡಿದ ಮಗುವೂ ತಣ್ಣಗಿರಬಹುದು, ಬಿಳಿ ರಕ್ತಕಣದ ಎಣಿಕೆ ಸಾಮಾನ್ಯವಾಗಿಯೇ ಕಾಣಬಹುದು. ಕಂಕುಳಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ರಕ್ತದ ಸಕ್ಕರೆ 54 ಮಿ.ಗ್ರಾಂ/ಡಿಎಲ್‌ಗಿಂತ ಕಡಿಮೆಯಾದರೆ ಅದನ್ನೇ ಸೋಂಕಿನ ಲಕ್ಷಣವೆಂದು ಓದಬೇಕು. ಲಕ್ಷಣ ಕಾಣಲಿ ಬಿಡಲಿ, ದಾಖಲಾದ ಪ್ರತಿ ಮಗುವಿಗೂ ಆಂಟಿಬಯೋಟಿಕ್ ಕೊಡುವುದು ಈ ಕಾರಣಕ್ಕೆ.

ಈಗ ಕಬ್ಬಿಣದ ವಿಷಯ. ಹಿಮೋಗ್ಲೋಬಿನ್ ಕಡಿಮೆಯಿದ್ದರೂ ಈ ಮಗುವಿನಲ್ಲಿ ಕಬ್ಬಿಣ ದಾಸ್ತಾನಾಗಿ ಕುಳಿತಿರುತ್ತದೆ; ಅದನ್ನು ಹಿಡಿದು ಸಾಗಿಸುವ ಟ್ರಾನ್ಸ್‌ಫೆರಿನ್ ಪ್ರೋಟೀನೇ ಸಾಲದು. ಮೇಲಿಂದ ಕೊಟ್ಟರೆ ಬಿಡಿ ಕಬ್ಬಿಣ ಬ್ಯಾಕ್ಟೀರಿಯಾ ಬೆಳೆಯಲು ನೆರವಾಗುತ್ತದೆ, ಜೀವಕೋಶದ ಪೊರೆಗಳನ್ನೂ ಕೆಡಿಸುತ್ತದೆ. ಎಫ್-100 (ಎಫ್-75ರ ನಂತರ ಕೊಡುವ ಗಟ್ಟಿ ಹಾಲು) ಶುರುವಾಗಿ ಎರಡು ದಿನವಾದ ಮೇಲೆ ಕಬ್ಬಿಣ ದಿನಕ್ಕೆ ಕೆ.ಜಿ.ಗೆ 3 ಮಿ.ಗ್ರಾಂ. ಅಲ್ಲಿಯತನಕ ಇಲ್ಲ.

ಒಮ್ಮೆಲೇ ಹೊಟ್ಟೆ ತುಂಬಾ ಕೊಟ್ಟರೆ ಇನ್ನೊಂದು ತೊಂದರೆ. ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ಸೆಳೆದುಕೊಳ್ಳಲ್ಪಡುತ್ತವೆ, ರಕ್ತದಲ್ಲಿ ಅವು ದಿಢೀರ್ ಕುಸಿಯುತ್ತವೆ. ಹೃದಯ, ಉಸಿರಾಟದ ಸ್ನಾಯು ಸೋಲುತ್ತವೆ. ಇದೇ ರೀಫೀಡಿಂಗ್ ಸಿಂಡ್ರೋಮ್.

ಎಫ್-75 ಲೆಕ್ಕ

100 ಮಿ.ಲೀ.ಗೆ 75 ಕಿಲೋಕ್ಯಾಲರಿ, ಪ್ರೋಟೀನ್ 0.9 ಗ್ರಾಂ ಮಾತ್ರ. ದಿನಕ್ಕೆ ಕೆ.ಜಿ.ಗೆ 130 ಮಿ.ಲೀ.; ಬಾವು ತುಂಬಾ ಇದ್ದರೆ (ಕಾಲು, ಕೈ, ಮುಖ ಎಲ್ಲ ಊದಿದ್ದರೆ) 100 ಮಿ.ಲೀ. 6 ಕೆ.ಜಿ. ಮಗುವಿಗೆ 780 ಮಿ.ಲೀ. ಎರಡು ಗಂಟೆಗೊಮ್ಮೆಯಾದರೆ 12 ಬಾರಿ, ಸಲಕ್ಕೆ 65 ಮಿ.ಲೀ. ವಾಂತಿ, ಭೇದಿ ಹತೋಟಿಗೆ ಬಂದು ಹಾಲು ಪೂರ್ತಿ ಕುಡಿಯುತ್ತಿದ್ದರೆ ಮೂರು ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಗೊಮ್ಮೆ 130 ಮಿ.ಲೀ. ದಿನದ ಮೊತ್ತ ಬದಲಾಗದು. ಎದೆಹಾಲು ನಿಲ್ಲಿಸುವುದಿಲ್ಲ, ಈ ಹಾಲು ಅದರ ಜೊತೆಗೆ.

ಪ್ಯಾಕೆಟ್ ಸಿಗದ ಕಡೆ ಹಸುವಿನ ಹಾಲಿನಲ್ಲಿ ಹೀಗೆ ಮಾಡುತ್ತಾರೆ. ಒಂದು ಲೀಟರಿಗೆ ಹಾಲು 300 ಮಿ.ಲೀ., ಸಕ್ಕರೆ 90 ಗ್ರಾಂ, ಅಡುಗೆ ಎಣ್ಣೆ 20 ಗ್ರಾಂ, ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 1000 ಮಿ.ಲೀ. ಸಕ್ಕರೆ ಇಷ್ಟಿದ್ದರೆ ಕೆಲವು ಮಕ್ಕಳಿಗೆ ಭೇದಿ ಹೆಚ್ಚುತ್ತದೆ. ಆಗ ಸಕ್ಕರೆ 60 ಗ್ರಾಂಗೆ ಇಳಿಸಿ, ಮಂಡಕ್ಕಿ (ಪುರಿ) ಪುಡಿ 25 ಗ್ರಾಂ, ಎಣ್ಣೆ 25 ಗ್ರಾಂ ಹಾಕುತ್ತಾರೆ. ಪೊಟ್ಯಾಸಿಯಂ (ದಿನಕ್ಕೆ ಕೆ.ಜಿ.ಗೆ 3–4 ಮಿಲಿಮೋಲ್) ಮತ್ತು ಮೆಗ್ನೀಸಿಯಂ (0.4–0.6) ಬೇರೆಯಾಗಿ ಸೇರಬೇಕು, ಹಾಲಿನಲ್ಲಿರುವುದು ಸಾಲದು.

ಎಡವಟ್ಟಾಗುವುದು ಹೆಚ್ಚಾಗಿ ಅಡುಗೆಮನೆಯಲ್ಲೇ. "ಒಟ್ಟು ಒಂದು ಲೀಟರ್" ಎಂಬುದನ್ನು "ಒಂದು ಲೀಟರ್ ನೀರು" ಎಂದುಕೊಂಡು ಸುರಿದರೆ ಹಾಲು ತೆಳುವಾಗಿ 75ರ ಬದಲು 55 ಕಿಲೋಕ್ಯಾಲರಿಯ ಆಸುಪಾಸಿಗೆ ಇಳಿಯುತ್ತದೆ. ಎಣ್ಣೆ ಇನ್ನೂ ಕಿತಾಪತಿ: ಚಮಚದಲ್ಲಿ ಒಂದು ಸುತ್ತು ತಿರುಗಿಸಿ ಬಿಟ್ಟರೆ ಹಳದಿ ಚುಕ್ಕೆಗಳಾಗಿ ಮೇಲೆ ತೇಲಿ ಪಾತ್ರೆಯ ಗೋಡೆಗೆ ಅಂಟುತ್ತದೆ. 75ರಲ್ಲಿ 18 ಕಿಲೋಕ್ಯಾಲರಿ ಎಣ್ಣೆಯದೇ, ಅಂದರೆ ಸುಮಾರು ಕಾಲು ಭಾಗ ಪಾತ್ರೆಯಲ್ಲೇ ಉಳಿದಂತೆ. ಕಡೆಗೋಲಿನಲ್ಲೋ ಮಿಕ್ಸಿಯಲ್ಲೋ ಚೆನ್ನಾಗಿ ಕಡೆಯಬೇಕು, ಪ್ರತಿ ಸಲ ಕೊಡುವ ಮುಂಚೆ ಮತ್ತೆ ಕಲಕಬೇಕು. ಫ್ರಿಜ್ ಇಲ್ಲದಿದ್ದರೆ ದಿನದ್ದೆಲ್ಲ ಒಟ್ಟಿಗೆ ಮಾಡಿಡುವ ಮಾತೇ ಇಲ್ಲ.

ಕುಡಿಸುವುದು ಲೋಟ, ಚಮಚ, ಒಳಲೆಯಲ್ಲಿ, ಬಾಟಲಿ ಬೇಡ. ಉಳಿದದ್ದನ್ನು ಅಳೆದು ಬರೆದುಕೊಳ್ಳಿ. ಎರಡು ಮೂರು ಸಲ ಸತತವಾಗಿ 80%ಗಿಂತ ಕಡಿಮೆ ಕುಡಿದರೆ ಮೂಗಿನ ನಳಿಕೆ ಹಾಕಿ ಉಳಿದದ್ದನ್ನು ಕೊಡಬೇಕು. ಸೋಂಕು ಹಸಿವನ್ನೇ ಕೊಂದಿರುತ್ತದೆ, ಮಗು ಹಟ ಮಾಡುತ್ತಿಲ್ಲ.

ರಾತ್ರಿಯ ಹಾಲು ಎಲ್ಲಕ್ಕಿಂತ ಮುಖ್ಯ, ತಪ್ಪುವುದೂ ಅದೇ. ಬೆಳಗಿನ ಜಾವ 2 ಮತ್ತು 4 ಗಂಟೆಯ ಹಾಲು ಬಿಟ್ಟರೆ ರಕ್ತದ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಸಕ್ಕರೆ 54ಕ್ಕಿಂತ ಇಳಿದು ಮಗು ಎಚ್ಚರವಿದ್ದರೆ 10% ಗ್ಲೂಕೋಸ್ 50 ಮಿ.ಲೀ. ಬಾಯಿಂದ ಅಥವಾ ನಳಿಕೆಯಿಂದ. ಪ್ರಜ್ಞೆಯಿಲ್ಲದಿದ್ದರೆ ಮೊದಲು ಅದೇ 10% ಗ್ಲೂಕೋಸ್ ರಕ್ತನಾಳಕ್ಕೆ ಕೆ.ಜಿ.ಗೆ 5 ಮಿ.ಲೀ. ಆಮೇಲೆ ಎರಡು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ ಸಲದ ಹಾಲಿನ ಕಾಲು ಭಾಗ (ನಮ್ಮ ಲೆಕ್ಕದ ಮಗುವಿಗೆ ಸುಮಾರು 16 ಮಿ.ಲೀ.). ಸಕ್ಕರೆ ಪರೀಕ್ಷಿಸುವ ಪಟ್ಟಿ (ಸ್ಟ್ರಿಪ್) ಇಲ್ಲವೆಂದರೆ ಸಕ್ಕರೆ ಇಳಿದಿದೆ ಎಂದೇ ಭಾವಿಸಿ ಚಿಕಿತ್ಸೆ.

ಬಾವಿಗೆ ಮೂತ್ರವರ್ಧಕ ಔಷಧಿ ಕೊಡಬಾರದು. ಡ್ರಿಪ್, ಶಾಕ್ ಆದ (ರಕ್ತಸಂಚಾರವೇ ಕುಸಿದ) ಮಗುವಿಗೆ ಮಾತ್ರ.

ಎಫ್-100ಕ್ಕೆ ಏರುವುದು

ಹಸಿವು ಮರಳಿ, ಬಾವು ಇಳಿಯತೊಡಗಿದಾಗ, ಸಾಮಾನ್ಯವಾಗಿ 2ರಿಂದ 7ನೇ ದಿನದೊಳಗೆ. ಎಫ್-100ರಲ್ಲಿ 100 ಮಿ.ಲೀ.ಗೆ 100 ಕಿಲೋಕ್ಯಾಲರಿ, ಪ್ರೋಟೀನ್ 2.9 ಗ್ರಾಂ, ಅಂದರೆ ಪ್ರೋಟೀನ್ ಮೂರು ಪಟ್ಟಿಗಿಂತ ಜಾಸ್ತಿ. ಆದ್ದರಿಂದ ಮೊದಲ 48 ಗಂಟೆ ಅಳತೆ ಎಫ್-75ರಷ್ಟೇ, ಹಾಲು ಮಾತ್ರ ಬೇರೆ. ನಂತರ ಪ್ರತಿ ಸಲಕ್ಕೆ 10 ಮಿ.ಲೀ. ಏರಿಸುತ್ತಾ, ಮಗು ಸ್ವಲ್ಪ ಉಳಿಸುವ ತನಕ ಹೋಗಬೇಕು.

ಈ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ಉಸಿರು, ನಾಡಿ ಎಣಿಸಬೇಕು. ಉಸಿರು ನಿಮಿಷಕ್ಕೆ 5, ನಾಡಿ 25 ಹೆಚ್ಚಾಗಿ ಎರಡು ಎಣಿಕೆಯಲ್ಲೂ ಹಾಗೇ ಉಳಿದರೆ ಹೃದಯ ಸೋಲುತ್ತಿದೆ ಎಂದು ಅನುಮಾನಿಸಿ ವೈದ್ಯರನ್ನು ಕರೆಯಿರಿ. ಹಾಲನ್ನು ದಿನಕ್ಕೆ ಕೆ.ಜಿ.ಗೆ 100 ಮಿ.ಲೀ.ಗೆ ಇಳಿಸಿ 24 ಗಂಟೆ, 115ರಲ್ಲಿ 24 ಗಂಟೆ, 130ರಲ್ಲಿ 48 ಗಂಟೆ ನಡೆಸಿ ಮತ್ತೆ 10 ಮಿ.ಲೀ. ಏರಿಕೆಗೆ ಬರುತ್ತಾರೆ.

ಈ ಹಂತದಲ್ಲಿ ದಿನಕ್ಕೆ ಕೆ.ಜಿ.ಗೆ 10 ಗ್ರಾಂಗಿಂತ ಹೆಚ್ಚು ತೂಕ ಏರಿದರೆ ಚೆನ್ನಾಗಿ ನಡೆದಿದೆ ಎಂದರ್ಥ; 6 ಕೆ.ಜಿ. ಮಗುವಿಗೆ 60 ಗ್ರಾಂ. 30 ಗ್ರಾಂ ಕೂಡ ಏರದಿದ್ದರೆ ಮೊದಲು ರಾತ್ರಿಯ ಹಾಲಿನ ಚಾರ್ಟ್ ನೋಡಿ. ಅದು ಸರಿಯಿದ್ದರೆ ಮೂತ್ರದ ಸೋಂಕು, ಕಿವಿ ಸೋರುವಿಕೆ, ಕ್ಷಯ ಇವುಗಳಲ್ಲಿ ಯಾವುದು ಅಡಗಿದೆಯೆಂದು ಹುಡುಕಬೇಕು.